ಬಚ್ಚಲಲ್ಲಿ ಜಾರಿ ಬಿದ್ದೆ ಅಂದವರು

ಬ್ರಿಟನ್ನಿನ ಕಾರ್ಡಿಫ್‌ಗೆ ಬಂದು ಎಂಟು ತಿಂಗಳಾಯ್ತು. ಇಲ್ಲಿ ಅಪರಾಧಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಫೋನ್ ಮಾಡಿದಾಗಲೆಲ್ಲ ಅತ್ತೆ, “ಓದು ಮುಗಿಸಿ ಪೊಲೀಸ್ ಆಗ್ತೀಯೇನೇ?” ಅಂತ ಕೇಳುತ್ತಾರೆ. ಇಲ್ಲ ಅತ್ತೆ. ಜನ ಒಬ್ಬರಿಗೊಬ್ಬರು ಯಾಕೆ ಹೊಡೆಯುತ್ತಾರೆ, ಆ ಏಟು ಯಾರ ಲೆಕ್ಕಕ್ಕೆ ಸೇರುತ್ತದೆ ಅನ್ನೋದು ನನ್ನ ಓದು.

ನಮ್ಮ ಕ್ಲಾಸಲ್ಲಿ ಕಾನೂನು ಓದಿದವರಿದ್ದಾರೆ, ಭೂಗೋಳ ಓದಿದವರಿದ್ದಾರೆ, ನರ್ಸ್ ಆಗಿದ್ದವರಿದ್ದಾರೆ, ಬರೀ ಅಂಕಿಅಂಶ ಗೊತ್ತಿರುವವರೂ ಇದ್ದಾರೆ. ಒಂದೇ ಗಾಯ ನೋಡಿ ಕಾನೂನಿನವರು ಹೊಡೆದವನ ಉದ್ದೇಶ ಕೇಳುತ್ತಾರೆ, ಭೂಗೋಳದವರು ಬೀದಿಯ ಹೆಸರು ಕೇಳುತ್ತಾರೆ. ಮೊದಮೊದಲು ನನಗೆ ತಲೆ ಕೆಟ್ಟುಹೋಗಿತ್ತು.

ದಾರಿ ಕಂಡದ್ದು ಈ ಊರಿನದೇ ಒಂದು ಕೆಲಸದಿಂದ. ಜೊನಾಥನ್ ಶೆಫರ್ಡ್ ಅಂತ ಇಲ್ಲಿ ಒಬ್ಬ ಸರ್ಜನ್. ಒಡೆದ ದವಡೆ, ಗಾಜು ಚುಚ್ಚಿದ ಕೆನ್ನೆ ಸರಿಮಾಡುತ್ತಿದ್ದವರು. ತಾವು ಹೊಲಿಗೆ ಹಾಕುತ್ತಿದ್ದ ಎಷ್ಟೋ ಜನರ ಸುದ್ದಿ ಪೊಲೀಸರಿಗೆ ಗೊತ್ತೇ ಇಲ್ಲ ಅನ್ನೋದನ್ನ ಅವರು ಗಮನಿಸಿದರು. ಆಮೇಲೆ ಎಮರ್ಜೆನ್ಸಿಯ ರಿಸೆಪ್ಷನ್‌ನಲ್ಲೇ ಕೇಳಿ ಬರೆದುಕೊಳ್ಳುವ ಪದ್ಧತಿ ಬಂತು. ಎಲ್ಲಿ ಹೊಡೆದರು? ಯಾವಾಗ? ಯಾವುದರಿಂದ? ಹೆಸರು ತೆಗೆದು ಆ ಮಾಹಿತಿಯನ್ನ ಪೊಲೀಸರಿಗೂ ನಗರಾಡಳಿತಕ್ಕೂ ಕೊಡುತ್ತಾರೆ. ಯಾವ ಪಬ್, ಯಾವ ಬೀದಿ, ಎಷ್ಟು ಹೊತ್ತಿಗೆ ಅಂತ ಗೊತ್ತಾದರೆ ಗಸ್ತು ಅಲ್ಲಿಗೇ ಹೋಗುತ್ತದೆ ಅಲ್ವಾ? 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಲೆಕ್ಕ ಬಂತು. ಹೊಡೆದಾಟದಿಂದ ಆಸ್ಪತ್ರೆ ಸೇರುವವರು ಕಾರ್ಡಿಫ್‌ನಲ್ಲಿ ತಿಂಗಳಿಗೆ ಲಕ್ಷಕ್ಕೆ 7ರಿಂದ 5ಕ್ಕೆ ಇಳಿದಿದ್ದರು. ಇಂಥದೇ ಬೇರೆ ಊರುಗಳಲ್ಲಿ 5ರಿಂದ 8ಕ್ಕೆ ಏರಿದ್ದರು.

ಆ ಲೇಖನ ಓದುವಾಗ ನನಗೆ ಅಮ್ಮನೇ ಕಣ್ಮುಂದೆ. ಅಮ್ಮ ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು, ಒಲೆ ಮುಂದೆ ಕಾಫಿ ಲೋಟ ಹಿಡಿದು ಹೇಳುತ್ತಿದ್ದಳು: “ಇವತ್ತೂ ಒಬ್ಬಳು ಬಚ್ಚಲಲ್ಲಿ ಜಾರಿ ಬಿದ್ದೆ ಸಿಸ್ಟರ್ ಅಂದ್ಲು. ತೋಳಿನ ಮೇಲೆ ನಾಲ್ಕು ಬೆರಳ ಗುರುತು. ಬಚ್ಚಲಿಗೆ ಬೆರಳಿರುತ್ತಾ?” ಹಾಗೆ ಹೇಳಿದವಳದ್ದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್, ಆಗುತ್ತಿರಲಿಲ್ಲ. ಎಂಎಲ್‌ಸಿ ಇಲ್ಲದಿದ್ದರೆ ಪೊಲೀಸರಿಗೆ ಸುದ್ದಿ ಇಲ್ಲ, ಸರ್ಕಾರದ ಅಪರಾಧದ ಅಂಕಿಯಲ್ಲೂ ಅವಳಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಗೇ ಹೋಗಿ, ಹೆಂಗಸರನ್ನ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನಿಂದ ಹಿಂಸೆ ಆಗಿದೆ ಅಂದರು. ಲೈಬ್ರರಿಯಲ್ಲಿ ಆ ಸಾಲು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಬೀದಿಯ ಒಂದೊಂದೇ ಮನೆ ಎಣಿಸುತ್ತಿದ್ದೆ.

ಕಾರ್ಡಿಫ್‌ನ ಪದ್ಧತಿಯನ್ನ ಹಾಗೇ ಎತ್ತಿಕೊಂಡು ಬಂದರೆ ನಮ್ಮಲ್ಲಿ ನಡೆಯೋದಿಲ್ಲ. ಇಲ್ಲಿ ಪಬ್‌ನಲ್ಲಿ ಪೆಟ್ಟು ತಿಂದವನು ಆಸ್ಪತ್ರೆಗೆ ಹೆಚ್ಚಾಗಿ ಗೆಳೆಯರ ಜೊತೆ ಬರುತ್ತಾನೆ. ನಮ್ಮಲ್ಲಿ ಎಷ್ಟೋ ಸಲ ಹೊಡೆದವನೇ ಕರೆದುಕೊಂಡು ಬಂದಿರುತ್ತಾನೆ, ಪಕ್ಕದಲ್ಲೇ ನಿಂತಿರುತ್ತಾನೆ. ಅವನ ಎದುರಿಗೆ ಅವಳು ಏನಂತ ಹೇಳಿಯಾಳು?

ಅದಕ್ಕೇ ನನ್ನ ಪ್ರಬಂಧಕ್ಕೆ ನರ್ಸ್‌ಗಳನ್ನೇ ಮಾತಾಡಿಸಬೇಕು ಅಂತಿದ್ದೇನೆ. ಯೂನಿವರ್ಸಿಟಿಯ ಎಥಿಕ್ಸ್ ಸಮಿತಿ ಒಪ್ಪಬೇಕು, ಅರ್ಜಿ ಹಾಕಿದ್ದೇನೆ. ಹೋದ ಭಾನುವಾರ ಅಮ್ಮನಿಗೆ ಈ ವಿಷಯ ಹೇಳಿದೆ.

“ಪ್ರಶ್ನೆ ಆಮೇಲೆ ಕಣೇ,” ಅಂದಳು. “ಮೊದಲು ಜೊತೆಗೆ ಬಂದವನ ಕೈಗೆ ಒಂದು ಚೀಟಿ ಕೊಟ್ಟು, ಹೊರಗಡೆ ಮೆಡಿಕಲ್ ಶಾಪಿಗೆ ಕಳಿಸಬೇಕು. ಹತ್ತು ನಿಮಿಷ ಸಿಗುತ್ತೆ.”