ಅದು ಡಿಸೈನ್, ಸಾರ್

ಮಳೆಗಾಲದಲ್ಲಿ ಮನೆ ಮನೆಗೆ ಬಂದು ಯಕ್ಷಗಾನ ಆಡುವ ಚಿಕ್ಕಮೇಳದವರು ಬಟ್ಟೆ ಅಂಗಡಿಯ ಮೆಟ್ಟಿಲಿನಲ್ಲಿ ನಿಂತಿದ್ದರು. ಆಟಿ ತಿಂಗಳ ಮಳೆ, ಕೇಳಬೇಕಾ? ಸ್ತ್ರೀವೇಷದ ಹುಡುಗ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದ. ಕೃಷ್ಣ ಕಿರೀಟಕ್ಕೆ ಪ್ಲಾಸ್ಟಿಕ್ ಮುಚ್ಚಿಕೊಂಡಿದ್ದ. ಮದ್ದಳೆಯವರು ಮದ್ದಳೆಯನ್ನು ತಬ್ಬಿಕೊಂಡು ಗೋಡೆಗೆ ಒತ್ತಿ ನಿಂತಿದ್ದರು. ಜಾಗಟೆ ಹಿಡಿದು ಪದ ಹಾಡುವ ಭಾಗವತರು ಬಾಗಿಲಲ್ಲಿದ್ದ ಮ್ಯಾನೇಜರ್ ಹತ್ತಿರ ಮಾತಾಡುತ್ತಿದ್ದರು. ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಪಾಲು ಅಳತೆ ಮಾಡಿಸುತ್ತಿದ್ದ ನನಗೆ ಎಲ್ಲವೂ ಸರಿಯಾಗಿ ಕೇಳುತ್ತಿತ್ತು.

"ಹೆಡ್ ಆಫೀಸಿನ ಪರ್ಮಿಷನ್ ಬೇಕು ಸಾರ್. ಹಾಗೆಲ್ಲ ಒಳಗೆ ಬಿಡ್ಲಿಕ್ಕೆ ಆಗುದಿಲ್ಲ."

ಭಾಗವತರು ಅವನ ಹೆಗಲಿನಾಚೆ ನೋಡಿದರು. ಕ್ಯಾಶ್ ಕೌಂಟರಿನ ಹಿಂದೆ ನೆಲದಿಂದ ಸೀಲಿಂಗಿನವರೆಗೆ ಒಂದು ಯಕ್ಷಗಾನದ ಮುಖ ಇದೆ. ಪೇಟೆಯವರಿಗೆಲ್ಲ ಗೊತ್ತು, ಅದರ ಮುಂದೆ ನಿಂತು ಮಕ್ಕಳ ಫೋಟೋ ತೆಗೆಯುತ್ತಾರೆ.

"ಅವರು ಪರ್ಮಿಷನ್ ತಗೊಂಡು ಬಂದದ್ದಾ?"

ಮ್ಯಾನೇಜರ್ ಹಿಂದೆ ತಿರುಗಿ ನೋಡಿದ. ಒಂದು ಕ್ಷಣ ಏನೂ ಹೊಳೆಯಲಿಲ್ಲ ಅಂತ ಕಾಣುತ್ತದೆ. ಆಮೇಲೆ ನಕ್ಕ.

"ಅದು ಡಿಸೈನ್, ಸಾರ್."

ಅಷ್ಟೇ. ಜಗಳ ಇಲ್ಲ, ಬೈಗುಳ ಇಲ್ಲ. ಭಾಗವತರೂ ನಕ್ಕರು. ಆದರೆ ನನಗೆ ಈ ವಾರವಿಡೀ ಅದೇ ಮಾತು. ಹಲ್ಲುಜ್ಜುವಾಗಲೂ ಅದೇ, ಬಸ್ಸಿನಲ್ಲಿ ಕೂತಾಗಲೂ ಅದೇ. ಅದು ಡಿಸೈನ್, ಸಾರ್.

ಆ ಮ್ಯಾನೇಜರ್ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಅವನೂ ಸಂಬಳದವನು. ಅಂಗಡಿಯೊಳಗೆ ಒದ್ದೆ ಕಾಲಿನ ಐದು ಜನರನ್ನು ಬಿಟ್ಟು, ಸೀರೆ ರಾಶಿಗೆ ಎಲ್ಲಾದರೂ ಬಣ್ಣ ಹತ್ತಿದರೆ ಹೆಡ್ ಆಫೀಸಿನವರು ಯಾರನ್ನು ಕೇಳುತ್ತಾರೆ? ಸಿಟ್ಟು ಬಂದದ್ದು ಗೋಡೆಯ ಮೇಲೆ. ಆ ಚಿತ್ರವನ್ನು ಸರಿಯಾಗಿ ನೋಡಿದರೆ ಕಿರೀಟ ತೆಂಕುತಿಟ್ಟಿನದ್ದು, ಅಂದರೆ ದಕ್ಷಿಣದ ಶೈಲಿಯದ್ದು; ಮುಖದ ಬರವಣಿಗೆ ಅರ್ಧ ಬಡಗು, ಅಂದರೆ ಉತ್ತರದ ಶೈಲಿ, ಇನ್ನರ್ಧ ಕಥಕಳಿ. ಮಾಡಿದವನು ಒಂದು ಆಟವನ್ನೂ ನೋಡಿದ ಹಾಗಿಲ್ಲ. ಆದರೂ ಅವನಿಗೆ ಬಿಲ್ ಪಾಸಾಗಿರುತ್ತದೆ. ಅಂಟಿಸಿದವನಿಗೂ ಕೂಲಿ ಸಿಕ್ಕಿರುತ್ತದೆ.

ನಮ್ಮ ಕರಾವಳಿಯಲ್ಲಿ ಈ ಮುಖ ಎಲ್ಲಿಲ್ಲ ಹೇಳಿ? ಹೋಟೆಲಿನ ಮೆನುವಿನಲ್ಲಿದೆ, ಲೇಔಟಿನ ಬೋರ್ಡಿನಲ್ಲಿದೆ, ರೆಸಾರ್ಟಿನ ಬಾಗಿಲಲ್ಲಿದೆ, ಮದುವೆ ಹಾಲಿನ ಕಂಬದಲ್ಲಿದೆ. ಊರಿನ ವ್ಯಾಪಾರಕ್ಕೆ ಇಷ್ಟು ದುಡಿದ ಮುಖ ಬೇರೊಂದಿಲ್ಲ. ಮುಖಕ್ಕೆ ಮಾತ್ರ ಕೆಲಸ, ಬಣ್ಣ ಹಚ್ಚಿಕೊಂಡ ಮನುಷ್ಯನಿಗೆ ಮೆಟ್ಟಿಲು.

ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮತ್ತೆ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದು. ನಡುವಿನ ಮಳೆಗಾಲದಲ್ಲಿ ಹೆಸರಿರುವ ಕಲಾವಿದರಿಗೆ ಬೆಂಗಳೂರು, ಮುಂಬೈ ಅಂತ ಪ್ರದರ್ಶನ ಸಿಗುತ್ತದೆ. ಉಳಿದವರು ತೋಟದ ಕೆಲಸಕ್ಕೆ, ಅಡುಗೆ ಕೆಲಸಕ್ಕೆ ಹೋಗುತ್ತಾರೆ, ಇಲ್ಲವೇ ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಬರುತ್ತಾರೆ. ದೀಪ ಹಚ್ಚಿಟ್ಟರೆ ಹತ್ತು ಹದಿನೈದು ನಿಮಿಷದ ಒಂದು ಸಣ್ಣ ಆಟ. ಅಕ್ಕಿ, ತೆಂಗಿನಕಾಯಿ, ವೀಳ್ಯದ ಜೊತೆ ಕೈಲಾದಷ್ಟು ದುಡ್ಡು. ಮನೆಯಲ್ಲಿ ಗೆಜ್ಜೆಯ ಸದ್ದು ಕೇಳಿದರೆ ಒಳ್ಳೆಯದು ಅಂತ ಅಜ್ಜಿಯಂದಿರು ಈಗಲೂ ನಂಬುತ್ತಾರೆ.

ಇದು ಕಲೆಗೆ ಅವಮಾನ, ಭಿಕ್ಷೆ ಎತ್ತಿದ ಹಾಗೆ ಅಂತ ದೂರುವವರೂ ಇದ್ದಾರೆ. ಹೆಚ್ಚಾಗಿ ಪಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಜನ. ಅವರಿಗೆ ನಾನು ಪಿಗ್ಮಿ ಕಲೆಕ್ಷನ್ನಿನ ಕಥೆ ಹೇಳುತ್ತೇನೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದಾಗ ಅವರ ಏಜೆಂಟರು ದಿನಾ ಅಂಗಡಿ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಅದನ್ನು ಭಿಕ್ಷೆ ಅಂತ ಯಾರೂ ಹೇಳಲಿಲ್ಲ. ಬಾಗಿಲಿಗೆ ಬಂದು ಲೆಕ್ಕ ಹೇಳಿದರೆ ಬ್ಯಾಂಕು, ಬಾಗಿಲಿಗೆ ಬಂದು ಹಾಡಿದರೆ ಭಿಕ್ಷೆ. ಹೇಗೆ?

ಸರಿ, ಮುಂದೇನಾಯಿತು ಕೇಳಿ. ನಮ್ಮ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಜಿಪುಣರು. ಇದನ್ನು ಹೇಳಲು ನನಗೆ ಭಯವಿಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಟರ್ಪಾಲಿಗೆ ಒಂದು ಗೇಣು ಹೆಚ್ಚು ಬಿಡುವ ಜನವಲ್ಲ. ಅವರು ಕತ್ತರಿಯನ್ನು ಅಲ್ಲೇ ಇಟ್ಟು, ಮಳೆಯಲ್ಲೇ ಕೂಗಿದರು: "ಭಾಗವತ್ರೇ, ಇಲ್ಲಿ ಬನ್ನಿ. ಕರೆಂಟಿಲ್ಲ, ಇನ್ವರ್ಟರ್ ಉಂಟು." ಪೈಂಟ್ ಬಕೆಟ್‌ಗಳನ್ನು ಕೆಲಸದ ಹುಡುಗರು ಬದಿಗೆ ಸರಿಸಿದರು. ಪಿವಿಸಿ ಪೈಪಿನ ಕಟ್ಟನ್ನು ಹಿಂದೆ ಒತ್ತಿದರು. ತಕ್ಕಡಿ ಪಕ್ಕದಲ್ಲಿ ಒಂದು ಕಾಲುದೀಪ ಬಂತು. ಎಲ್ಲಿತ್ತೋ ಅದು.

ಕೃಷ್ಣ, ಸತ್ಯಭಾಮೆಯ ಪಾರಿಜಾತದ ಜಗಳ. ಜಾಗ ಅಂದರೆ ಎರಡು ಹೆಜ್ಜೆ ಹಾಕಿದರೆ ಸಿಮೆಂಟ್ ಚೀಲ. ಆ ಸ್ತ್ರೀವೇಷದ ಹುಡುಗ ಅಷ್ಟರಲ್ಲೇ ಸುತ್ತು ಹೊಡೆದದ್ದನ್ನು ನೀವು ನೋಡಬೇಕಿತ್ತು. ಸೆರಗು ಪೈಪಿಗೆ ತಾಗಲಿಲ್ಲ. ಮುನಿದ ಭಾಮೆ ತಿರುಗಿ ಕೂತದ್ದು ಉಲ್ಟಾ ಇಟ್ಟ ಪೈಂಟ್ ಬಕೆಟ್ಟಿನ ಮೇಲೆ. ಕೃಷ್ಣ ಸುಮ್ನೆ ಬಿಡುತ್ತಾನಾ? "ಭಾಮೆ, ಮರ ತಂದೇನು, ಕಟ್ಟೆ ಕಟ್ಟಲು ಸಿಮೆಂಟೂ ಇಲ್ಲಿಂದಲೇ ತಂದೇನು, ಯಜಮಾನರು ಸಾಲ ಕೊಟ್ಟರೆ" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯಜಮಾನರು ಮೊಬೈಲಿನಲ್ಲಿ ಹಿಡಿದು ಅಲ್ಲೇ ಸ್ಟೇಟಸ್ ಹಾಕಿದರು. ಮರುದಿನ ಅದು ನನಗೆ ಮೂರು ಕಡೆಯಿಂದ ಬಂತು. ಬಟ್ಟೆ ಅಂಗಡಿಯ ಆಟಿ ಸೇಲಿನ ವಿಡಿಯೋವನ್ನು ಹೀಗೆ ಯಾರೂ ಕಳಿಸಿದ್ದಿಲ್ಲ.

ಮುಗಿದ ಮೇಲೆ ಯಜಮಾನರು ಒಂದು ಪ್ರಶ್ನೆ ಕೇಳಿದರು. "ಒಟ್ಟು ಎಷ್ಟು ಜನ?"

"ಐದು" ಅಂದರು ಭಾಗವತರು.

"ರಿಕ್ಷಾದಲ್ಲಿ ಕೂತವನು?"

"ಅವನು ಡ್ರೈವರ್."

"ಮತ್ತೆ ಅವನಿಗೆ ಚಾ ಬೇಡ್ವಾ?"

ಆರು ಚಾ, ಆರು ಬನ್ಸ್ ಬಂತು. ಕವರು ಕೊಡುವಾಗ ಫೋಟೋ ತೆಗೆಸಲಿಲ್ಲ.

ನಮ್ಮಲ್ಲಿ ಕಲೆಗೆ ಪ್ರೋತ್ಸಾಹ ಅಂದರೆ ವೇದಿಕೆ ಹತ್ತುವುದು ಅಂತಾಗಿದೆ. ಆಟ ರಂಗೇರುವ ಹೊತ್ತಿಗೆ ನಿಲ್ಲಿಸಿ ಸನ್ಮಾನ ಮಾಡುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಪ್ರಾಯೋಜಕರ ಮೂರು ತಲೆಮಾರಿನ ಪರಿಚಯ. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಬಣ್ಣದ ವೇಷದವರು ಅಷ್ಟು ಭಾರ ಕಟ್ಟಿಕೊಂಡು ಬೆವರುತ್ತಾ ಕಾಯಬೇಕು. ಕಾಲಮಿತಿಯ ಆಟದಲ್ಲಿ ಭಾಷಣಕ್ಕೆ ಮಾತ್ರ ಕಾಲಮಿತಿ ಇಲ್ಲ. ಕೊಟ್ಟವರ ಹೆಸರು ಹೇಳಬಾರದು ಅಂತ ನಾನು ಹೇಳುವುದಿಲ್ಲ. ವ್ಯಾಪಾರಿಗೆ ಹೆಸರು ಬೇಕು, ಅದರಲ್ಲಿ ನಾಚಿಕೆಯೇನಿದೆ? ಭಾಮೆಯ ಜಗಳದಲ್ಲಿ ಸಿಮೆಂಟಿನ ಹೆಸರು ಬಂದರೂ ಯಾರಿಗೂ ಬೇಜಾರಾಗಲಿಲ್ಲ.

ನನಗನಿಸುವುದು ಇಷ್ಟು. ಅಂಗಡಿಯವರು ತಮ್ಮ ಹತ್ತಿರ ಇರುವುದನ್ನೇ ಕೊಡಲಿ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಇದೇ ಕೆಲಸದಲ್ಲಿದೆ. ದಾನಿಗಳಿಂದ ಕಲಾವಿದರಿಗೆ ಮನೆ ಕಟ್ಟಿಸಿಕೊಟ್ಟಿದೆ. ಅಲ್ಲಿನ ಖಾಸಗಿ ಬಸ್ಸಿನವರು ಕಲಾವಿದರಿಗೆ ರಿಯಾಯಿತಿ ಪಾಸ್ ಕೊಡುತ್ತಾರೆ. ಮನೆಯಷ್ಟು ದೊಡ್ಡ ಸಂಗತಿಯಲ್ಲ ಬಸ್ ಪಾಸ್. ಆದರೆ ರಾತ್ರಿಯಿಡೀ ಕುಣಿದು ಬೆಳಿಗ್ಗೆ ಊರಿಗೆ ಹೋಗುವವನಿಗೆ ಅದು ದಿನಾ ಬೇಕಾಗುತ್ತದೆ. ಬಸ್ಸಿನವರಿಗೆ ಗೊತ್ತಿರುವುದು ಬಸ್ಸು, ಅದನ್ನೇ ಕೊಟ್ಟರು. ಹಾಗೆಯೇ ಪ್ರೆಸ್ಸಿನವರು ಕರಪತ್ರ ಅಚ್ಚು ಹಾಕಿಕೊಡಬಹುದು. ಮೆಡಿಕಲ್ ಅಂಗಡಿಯವರು ಮಂಡಿನೋವಿನ ಮುಲಾಮು ಕೊಡಲಿ, ಕುಣಿಯುವವರ ಮಂಡಿಯ ಕಥೆ ಕೇಳುವುದೇ ಬೇಡ. ಬಟ್ಟೆ ಅಂಗಡಿಯವರಿಗಂತೂ ನಾನು ಹೇಳಬೇಕಾಗಿಯೇ ಇಲ್ಲ. ಒಂದು ಸ್ತ್ರೀವೇಷಕ್ಕೆ ವರ್ಷಕ್ಕೆ ಎಷ್ಟು ಸೀರೆ ಹಾಳಾಗುತ್ತದೆ ಅಂತ ಅವರು ಒಮ್ಮೆ ಕೇಳಿ ನೋಡಲಿ.

ಇನ್ನೊಂದು. ಮಳೆಗಾಲದಲ್ಲಿ ಅಂಗಡಿಯಲ್ಲೂ ಗಿರಾಕಿ ಇಲ್ಲ, ಕಲಾವಿದರಿಗೂ ಕೆಲಸ ಇಲ್ಲ. ಎರಡೂ ಒಂದೇ ತಿಂಗಳುಗಳು. ಶನಿವಾರ ಸಂಜೆ ಒಂದೊಂದು ಅಂಗಡಿಯ ಜಗಲಿಯಲ್ಲಿ ಅರ್ಧ ಗಂಟೆಯ ಆಟ ಇಟ್ಟರೆ ಹೇಗೆ? ಸಂಭಾವನೆ ಮೊದಲೇ ಮಾತಾಡಿ, ಅದೇ ದಿನ ಕೈಗೆ ಕೊಡಬೇಕು. ಭಾಗವತರನ್ನು ಕೇಳಿದೆ. "ದಿನ ಮೊದಲೇ ಗೊತ್ತಾದರೆ ಸಾಕು. ಅವತ್ತು ಬೇರೆ ಕೆಲಸಕ್ಕೆ ಒಪ್ಪುವುದಿಲ್ಲ" ಅಂದರು. ದರದ ಮಾತು ಆಡಲೇ ಇಲ್ಲ, ನಾನೇ ಒತ್ತಾಯಿಸಿ ಹೇಳಿಸಿಕೊಂಡೆ. ಕೇಳಿದರೆ ನಮ್ಮ ಪೇಟೆಯ ಒಂದು ಫ್ಲೆಕ್ಸಿನ ಖರ್ಚು ನೆನಪಾಗುತ್ತದೆ.

ನಿನ್ನೆ ಟರ್ಪಾಲಿಗೆ ಹಗ್ಗ ತರಲು ಹೋದಾಗ ಯಜಮಾನರ ಹತ್ತಿರ ಇದನ್ನೆಲ್ಲ ಹೇಳಿದೆ. ಹಗ್ಗ ಅಳೆಯುತ್ತಲೇ ಕೇಳಿದರು. ವರ್ತಕರ ಸಂಘದ ಮೀಟಿಂಗಿನಲ್ಲಿ ಎತ್ತುತ್ತಾರಂತೆ. ಮೊದಲ ಶನಿವಾರದ ಖರ್ಚು ಅವರದು, ಎರಡನೆಯದನ್ನು ಬಟ್ಟೆ ಅಂಗಡಿಯವರು ಕೊಡಬೇಕು. ಹೆಡ್ ಆಫೀಸಿಗೆ ಪತ್ರ ಬರೆಯುವ ಕೆಲಸ ನನ್ನದು.

"ಆದ್ರೆ ಒಂದು" ಅಂದರು. "ಕರಪತ್ರದಲ್ಲಿ ನಮ್ಮ ಅಂಗಡಿ ಹೆಸರು ಮೇಲೆ ಇರ್ಬೇಕು. ಅವ್ರದ್ದು ಕೆಳಗೆ."

ಆಯ್ತು ಅಂದೆ. ಹಗ್ಗಕ್ಕೆ ಐದು ರೂಪಾಯಿ ಕಮ್ಮಿ ಮಾಡಿ ಅಂತ ಕೇಳಿದೆ. ಮಾಡಲಿಲ್ಲ.