20 ವರ್ಷದ ಟರ್ಬೊ ಕಾರಿಗೆ ಯಾವ ಪೆಟ್ರೋಲ್ ಹಾಕಿಸಬೇಕು?

ಬಂಕಿನಲ್ಲಿ ಕಾರು ನಿಲ್ಲಿಸಿದೊಡನೆ ಹುಡುಗ ಕೇಳುವ ‘ನಾರ್ಮಲ್ಲಾ ಸಾರ್, ಪವರ್ರಾ?’ ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ಕಂಡುಕೊಳ್ಳಲು ನನಗೆ ವರ್ಷಗಳೇ ಹಿಡಿದವು. ನಾನು ಓಡಿಸುವುದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಒಂದೊಂದು ಸಿಲಿಂಡರಿಗೆ ಐದೈದು ವಾಲ್ವುಗಳಿರುವ, 150 ಅಶ್ವಶಕ್ತಿಯ ಈ 1.8 ಲೀಟರ್ ಟರ್ಬೊ ಎಂಜಿನ್ನು ಇನ್ನೂ ಹತ್ತು ವರ್ಷ ಚೆನ್ನಾಗಿ ಓಡಬೇಕೆಂಬುದು ನನ್ನ ಆಸೆ.

ಆಕ್ಟೇನ್ ಸಂಖ್ಯೆ ಹೇಳುವುದು ಪೆಟ್ರೋಲಿನ ತಾಳಿಕೆಯನ್ನು. ಸಿಲಿಂಡರಿನೊಳಗೆ ಒತ್ತಡ ಮತ್ತು ಶಾಖ ಏರುತ್ತಿರುವಾಗ, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತನ್ನ ಬಳಿಗೆ ಬರುವವರೆಗೂ ತಾನಾಗಿ ಹೊತ್ತಿಕೊಳ್ಳದೆ ಕಾಯುವ ಗುಣವದು. ಕಾಯದೆ ಹೊತ್ತಿಕೊಂಡರೆ ನಾಕಿಂಗ್, ಅಂದರೆ ಎಂಜಿನ್ನನ್ನು ನಡುಗಿಸುವ ಬಡಿತ, ಆಗುತ್ತದೆ. ಎಂಜಿನ್ನಿಗೆ ಬಿಗಿದಿರುವ ನಾಕ್ ಸೆನ್ಸರ್ ಆ ಕಂಪನವನ್ನು ಗ್ರಹಿಸಿದ ಕೂಡಲೇ ಕಂಪ್ಯೂಟರು ಕಿಡಿಯನ್ನು ತಡಮಾಡುತ್ತದೆ. ಎಂಜಿನ್ ಬದುಕಿಕೊಳ್ಳುತ್ತದೆ, ಆದರೆ ಪಿಕಪ್ ಇಳಿಯುತ್ತದೆ ಮತ್ತು ಹೊರಹೋಗುವ ಹೊಗೆಯ ಬಿಸಿ ಹೆಚ್ಚುತ್ತದೆ. ಆ ಬಿಸಿಯನ್ನು ಮೊದಲು ತಿನ್ನುವುದು, ಅದೇ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ. ಆದ್ದರಿಂದಲೇ ಟ್ಯಾಂಕಿನ ಮುಚ್ಚಳದ ಒಳಗೆ 95 ಎಂದು ಬರೆದಿರುವಾಗ, ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲು 91 ಇದ್ದ ಕಾಲದಲ್ಲಿ ನಾನು ಹೆಚ್ಚು ಹಣ ಕೊಟ್ಟು 95ನ್ನೇ ಹಾಕಿಸುತ್ತಿದ್ದೆ. ಅಮೆರಿಕದವರ ಸಲಹೆಗಳನ್ನು ಓದುವವರು ಒಂದು ವಿಷಯ ಗಮನಿಸಬೇಕು: ಅಲ್ಲಿನ ಬಂಕಿನ ಮೇಲಿರುವ ಸಂಖ್ಯೆ ಎರಡು ಬಗೆಯ ಪರೀಕ್ಷೆಗಳ ಸರಾಸರಿ, ನಾವು ಬಳಸುವುದು ಅವುಗಳಲ್ಲಿ ಮೊದಲನೆಯದಾದ ರಿಸರ್ಚ್ ಆಕ್ಟೇನ್ ಸಂಖ್ಯೆಯನ್ನು ಮಾತ್ರ. ಅವರ 87 ನಮ್ಮ 91ರ ಆಸುಪಾಸಿನದು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಕಡಿಮೆ ಆಕ್ಟೇನ್ ಸಾಕು ಎಂಬ ಮಾತಿದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅದು ಸರಿ. ಟರ್ಬೊ ಆ ಕೊರತೆಯನ್ನು ತಾನೇ ತುಂಬಿಕೊಡುತ್ತದೆ, ಹಾಗೆ ತುಂಬಲು ಇನ್ನಷ್ಟು ವೇಗವಾಗಿ ತಿರುಗುತ್ತದೆ, ಗಾಳಿಯನ್ನು ಇನ್ನಷ್ಟು ಕಾಯಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಬಳಿ ಅರ್ಧ ಗಂಟೆ ತೆವಳಿ, ಟರ್ಬೊದಿಂದ ಬರುವ ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಗಾಳಿಯೇ ತಾಗದೆ ಕಾದ ಕಾರು ಮುಂದೆ ರಸ್ತೆ ತೆರೆದಾಗ ಮಂಕಾಗಿ ಎಳೆಯುವುದನ್ನು ನಾನು ಎಷ್ಟೋ ಸಲ ಅನುಭವಿಸಿದ್ದೇನೆ.

ಆದರೆ ಎಲ್ಲ ಮಂಕುತನಕ್ಕೂ ಪೆಟ್ರೋಲೇ ಕಾರಣವಲ್ಲ. ಒಂದು ವರ್ಷ ಕಾರಿನ ಎಳೆತ ತಗ್ಗಿತು, ಮೈಲೇಜ್ ಇಳಿಯಿತು, ಸೈಲೆನ್ಸರಿನ ಬಾಯಿಗೆ ಕಪ್ಪು ಮಸಿ ಕಟ್ಟತೊಡಗಿತು. ತೋರಿಸಿದ ಸರ್ವಿಸ್ ಕೇಂದ್ರದವರು ಪೆಟ್ರೋಲ್ ಸರಿಯಿಲ್ಲವೆಂದು ಹೇಳಿ, ಇಂಜೆಕ್ಟರ್ ತೊಳೆದ ಬಿಲ್ಲು ಕೊಟ್ಟು, 100 ಆಕ್ಟೇನ್ ಹಾಕಿಸುವಂತೆ ಸೂಚಿಸಿದರು. ಎರಡು ತಿಂಗಳು ಹಾಕಿಸಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಜೆ.ಸಿ. ರಸ್ತೆಯ ಹಿಂದಿನ ಓಣಿಯ ಒಂದು ಸಣ್ಣ ಗ್ಯಾರೇಜಿಗೆ ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಭಾಯ್ ಪೆಟ್ರೋಲಿನ ಸುದ್ದಿಯನ್ನೇ ಎತ್ತಲಿಲ್ಲ. ಎಂಜಿನ್ ಆರಿಸಿ, ಟರ್ಬೊಗೆ ಗಾಳಿ ಹೋಗುವ ಹೋಸಿನ ಬಾಯಿಗೆ ಒಂದು ಪಿವಿಸಿ ಮುಚ್ಚಳ ಸಿಕ್ಕಿಸಿ ಕ್ಲಿಪ್ ಬಿಗಿದರು. ಆ ಮುಚ್ಚಳಕ್ಕೆ ಟೈರಿನ ವಾಲ್ವ್ ಕೂರಿಸಿದ್ದರು. ಅದರ ಮೂಲಕ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ, ಕುಂಚದಿಂದ ಸೋಪಿನ ನೀರನ್ನು ಒಂದೊಂದೇ ಹೋಸಿಗೆ ಸವರುತ್ತ ಬಂದರು. ಇಂಟರ್‌ಕೂಲರಿನ ಕೆಳಗಿನ ಹೋಸಿನ ಮಡಿಕೆಯಲ್ಲಿ, ಹೊರಗಿನಿಂದ ಕಾಣದ ಸೀಳೊಂದರಿಂದ ಬಿಳಿ ನೊರೆ ಉಕ್ಕಿತು. ‘ನೋಡಿ ಸಾರ್, ಅಳೆದ ಗಾಳಿ ಇಲ್ಲೇ ಸೋರ್ತಾ ಇದೆ’ ಎಂದರು. ಟರ್ಬೊಗಿಂತ ಮೊದಲೇ ಇರುವ ಸೆನ್ಸರು ಅಳೆದ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರು ಸುರಿಸುತ್ತಿತ್ತು, ಗಾಳಿ ಮಾತ್ರ ಎಂಜಿನ್ನಿಗೆ ತಲುಪುತ್ತಿರಲಿಲ್ಲ. ಮಸಿ ಬಂದದ್ದು ಹಾಗೆ. ಹೋಸ್ ಬದಲಾಯಿಸಿದ ಸಂಜೆಯೇ ಕಾರು ಮೊದಲಿನಂತಾಯಿತು. ಈ ವಯಸ್ಸಿನ ಟರ್ಬೊ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ರಬ್ಬರನ್ನು ಎಂದು ನಾನು ದೃಢವಾಗಿ ನಂಬಿದ್ದೇನೆ.

ರಬ್ಬರಿನ ಮಾತು ಈಗ ಇನ್ನಷ್ಟು ಮುಖ್ಯ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲಿನ ಆಕ್ಟೇನ್ ನೂರಕ್ಕಿಂತ ಹೆಚ್ಚಿರುವುದರಿಂದ ಸಾಮಾನ್ಯ ಪೆಟ್ರೋಲು 91ರಿಂದ 95ಕ್ಕೆ ಏರಿದೆ ಎಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯ ಹೇಳುತ್ತದೆ. ಮುಚ್ಚಳ ಕೇಳುವ ಸಂಖ್ಯೆ ಹೀಗೆ ನಾರ್ಮಲ್ ಪಂಪಿಗೇ ಬಂದಿದೆ. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಅದೇ ಕೆಲಸಕ್ಕೆ ಹೆಚ್ಚು ಇಂಧನ ಹರಿಯಬೇಕು. ಮುಪ್ಪಾದ ಪಂಪು, ಕಟ್ಟಿಕೊಂಡ ಫಿಲ್ಟರು ಅದನ್ನು ಪೂರೈಸಲಾಗದಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದ ಹೊತ್ತಿನಲ್ಲೇ ಎಂಜಿನ್ನಿಗೆ ಪೆಟ್ರೋಲು ಸಾಲದೆ ಬಿಸಿಯೇರುತ್ತದೆ. ಎಥನಾಲನ್ನು ಗಮನದಲ್ಲಿಟ್ಟು ಮಾಡದ ಹಳೆಯ ಹೋಸು, ಸೀಲುಗಳು ಉಬ್ಬಿ ಸೋರಬಹುದು. ಎಥನಾಲು ನೀರನ್ನೂ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ಕಾರು ನಿಲ್ಲಿಸುವುದು ಒಳ್ಳೆಯದಲ್ಲ.

ಹಾಗಾಗಿ ನಾನು ಇಂಧನದ ಹೋಸುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ, ಹೊಸ ಪಂಪು, ಫಿಲ್ಟರು ಹಾಕಿಸಿದೆ. ಊರೊಳಗಿನ ಓಡಾಟಕ್ಕೆ ಈಗ ನಾರ್ಮಲ್ ಹಾಕಿಸುತ್ತೇನೆ. ಬೇಸಿಗೆಯಲ್ಲಿ ನಾಲ್ಕು ಜನ ಕುಳಿತು ಶಿರಾಡಿ ಘಾಟಿಯ ಕಡೆ ಹೊರಟರೆ ಮಾತ್ರ ಅದಕ್ಕಿಂತ ಹೆಚ್ಚಿನ ಆಕ್ಟೇನಿನದು. ಮರಳಿ ಘಾಟಿ ಹತ್ತುವಾಗ ಆ ಎಚ್ಚರ ದುಬಾರಿಯಲ್ಲ. ದಿನವೂ 100 ಹಾಕಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ, ಏಕೆಂದರೆ 95ಕ್ಕೆ ಹೊಂದಿಸಿದ ಎಂಜಿನ್ನು ನಿತ್ಯದ ಓಡಾಟದಲ್ಲಿ ಅದರಿಂದ ಪಡೆಯುವ ಲಾಭ ತೀರ ಅಲ್ಪ.

ಉಳಿದ ಹಣವೆಲ್ಲ ಆಯಿಲಿಗೆ ಹೋಗುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊದ ದಂಡ ನಿಂತಿರುವುದು ಆಯಿಲಿನ ತೆಳುವಾದ ಪದರದ ಮೇಲೆ. ನಮ್ಮ ಟ್ರಾಫಿಕ್ಕಿನಲ್ಲಿ ಕಿಲೋಮೀಟರು ಏರದಿದ್ದರೂ ಎಂಜಿನ್ ಓಡುತ್ತಲೇ ಇರುವುದರಿಂದ, ನಾನು ಮೀಟರ್ ನೋಡದೆ ಆರು ತಿಂಗಳಿಗೊಮ್ಮೆ 5ಡಬ್ಲ್ಯು-40 ಸಿಂಥೆಟಿಕ್ ಆಯಿಲ್ ಬದಲಾಯಿಸುತ್ತೇನೆ. ನೈಸ್ ರಸ್ತೆಯಲ್ಲಿ ವೇಗವಾಗಿ ಬಂದು ನೇರವಾಗಿ ಎಲ್ಲಾದರೂ ನಿಲ್ಲಿಸಿದರೆ, ಕೀಲಿ ತಿರುಗಿಸುವ ಮೊದಲು ಒಂದೆರಡು ನಿಮಿಷ ಎಂಜಿನ್ನನ್ನು ಹಾಗೇ ಬಿಡುತ್ತೇನೆ. ಇಲ್ಲದಿದ್ದರೆ ಕಾದ ಟರ್ಬೊದಲ್ಲಿ ಹರಿವು ನಿಂತ ಆಯಿಲು ಸುಟ್ಟು ಕರಿಯಾಗಿ ಕಟ್ಟಿಕೊಳ್ಳುತ್ತದೆ. ರೇಡಿಯೇಟರಿಗೆ ಬೋರ್‌ವೆಲ್ ನೀರನ್ನು ಎಂದೂ ಸುರಿಯುವುದಿಲ್ಲ, ಕೂಲೆಂಟನ್ನೇ ಹಾಕುತ್ತೇನೆ. ಟೈಮಿಂಗ್ ಬೆಲ್ಟಿಗೆ ಈ ಡಿಸೆಂಬರಿಗೆ ಐದು ವರ್ಷ ತುಂಬುತ್ತದೆ; ಓಡಿದ್ದು ಕಡಿಮೆಯಾದರೂ ವಾಟರ್ ಪಂಪಿನ ಸಮೇತ ಬದಲಾಯಿಸಲು ಭಾಯ್ ಬಳಿ ದಿನ ಗೊತ್ತುಮಾಡಿಕೊಂಡಿದ್ದೇನೆ.