ಕೊಯ್ಯದೆ ಬಿಟ್ಟ ಮೂಲೆ

ತೊಗರಿ ರಾಶಿ ಮುಗಿದು ಚೀಲಗಳು ಮನೆ ಸೇರುವ ಹೊತ್ತಿಗೆ ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ಮಾತು ಶುರುವಾಗುತ್ತದೆ. ಚಿತ್ತಾಪುರ ತಾಲೂಕಿನ ನಮ್ಮ ಮೆಥೋಡಿಸ್ಟ್ ಸಭೆ ಸಣ್ಣದು. ಆದರೂ ಆ ಭಾನುವಾರ ಚರ್ಚಿನೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಆಲ್ಟರ್ ಮುಂದೆ ಜೋಳದ ತೆನೆ, ತೊಗರಿ ಚೀಲ, ಹಸಿ ಕಡಲೆ ಗಿಡದ ಕಟ್ಟು, ಕುಂಬಳಕಾಯಿ, ಬುಟ್ಟಿಯಲ್ಲಿ ಮೊಟ್ಟೆ, ಕಾಲು ಕಟ್ಟಿದ ಕೋಳಿ. ಆರಾಧನೆ ಆದ ಮೇಲೆ ಲಿಲಾವು. ಒಂದು ಕುಂಬಳಕಾಯಿಗೆ ಪೇಟೆಯಲ್ಲಿ ಯಾರೂ ಕೊಡದ ರೇಟು ಇಲ್ಲಿ ಬರುತ್ತದೆ. ಕೂಗಿದವರ ಹೆಸರು ಮೈಕಿನಲ್ಲಿ ಹೇಳುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಕ್ರಿಸ್ಮಸ್‌ಗಿಂತ ಈ ಹಬ್ಬದ ಮೇಲೆಯೇ ಪ್ರೀತಿ ಜಾಸ್ತಿ. ಮಣ್ಣಿನ ವಾಸನೆ ಚರ್ಚಿನೊಳಗೆ ಬರುವುದು ಅದೊಂದೇ ದಿನ.

ಈ ಹಬ್ಬಕ್ಕೆ ವಾಕ್ಯದ ಆಧಾರ ಗಟ್ಟಿಯಾಗಿದೆ. ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ತೆಗೆದು ನೋಡಿ. ಹೊಲದ ಮೊದಲ ಫಲವನ್ನು ಪುಟ್ಟಿಯಲ್ಲಿ ಇಟ್ಟುಕೊಂಡು ದೇವರ ಸನ್ನಿಧಿಗೆ ತರಬೇಕು. ಯಾಜಕನು ಅದನ್ನು ತೆಗೆದುಕೊಂಡು ಯಜ್ಞವೇದಿಯ ಮುಂದೆ ಇಡಬೇಕು. ನಾವು ಮಾಡುವುದು ಅದನ್ನೇ. ಆದರೆ ಅದೇ ದೇವರು ಅದೇ ಹೊಲದಿಂದ ಇನ್ನೊಂದು ಪಾಲನ್ನೂ ಕೇಳಿದ್ದಾನೆ. ಆ ಪಾಲು ಆಲ್ಟರ್ ಮುಂದೆ ಬರುವುದೇ ಇಲ್ಲ. ಅದು ಹೊಲದಲ್ಲೇ ಉಳಿಯಬೇಕು.

ಯಾಜಕಕಾಂಡ 19ನೇ ಅಧ್ಯಾಯದ 9 ಮತ್ತು 10ನೇ ವಚನ. ಪೈರು ಕೊಯ್ಯುವಾಗ ಹೊಲದ ಮೂಲೆಯ ತನಕ ಪೂರ್ತಿ ಕೊಯ್ಯಬೇಡಿ. ಹಕ್ಕಲನ್ನು, ಅಂದರೆ ಕೊಯ್ಯುವಾಗ ಬಿದ್ದ ತೆನೆಯನ್ನು, ಆರಿಸಿಕೊಳ್ಳಬೇಡಿ. ದ್ರಾಕ್ಷೆ ತೋಟದಲ್ಲಿ ಉದುರಿದ್ದನ್ನು ಕೂಡಿಸಬೇಡಿ. ಬಡವರಿಗೂ ಪರದೇಶದವರಿಗೂ ಅದನ್ನು ಬಿಡಿ. ಕೊನೆಗೆ ಒಂದೇ ಕಾರಣ: ನಾನು ನಿಮ್ಮ ದೇವರಾದ ಯೆಹೋವನು. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಹೊಲದಲ್ಲಿ ಒಂದು ಸಿವುಡು, ಅಂದರೆ ತೆನೆಯ ಕಟ್ಟು, ಮರೆತು ಬಂದರೆ ಅದನ್ನು ತರಲು ತಿರುಗಿ ಹೋಗಬೇಡ, ಅದು ಪರದೇಶಿಗೆ, ತಂದೆಯಿಲ್ಲದ ಮಗುವಿಗೆ, ವಿಧವೆಗೆ ಸೇರಿದ್ದು ಅನ್ನುತ್ತದೆ.

ಈ ಮೂಲೆಯ ಪಾಲಿನ ಬಗ್ಗೆ ಎಷ್ಟು ಯೋಚಿಸಿದರೂ ನನಗೆ ಸಾಕಾಗುವುದಿಲ್ಲ. ದಶಮಾಂಶಕ್ಕೆ ಅಳತೆ ಇದೆ, ಹತ್ತರಲ್ಲಿ ಒಂದು. ಮೂಲೆಗೆ ಅಳತೆಯನ್ನೇ ಹೇಳಿಲ್ಲ. ಎಷ್ಟು ಬಿಡಬೇಕು ಎನ್ನುವುದನ್ನು ಹೊಲದವನ ಮನಸ್ಸಿಗೇ ಬಿಟ್ಟಿದ್ದಾನೆ ದೇವರು. ಇನ್ನೊಂದು ಮಾತು. ಅಲ್ಲಿ ಕೊಡುವವನು ಕೈಯೆತ್ತಿ ಕೊಡುವುದಿಲ್ಲ, ತೆಗೆದುಕೊಳ್ಳುವವರು ಕೈಚಾಚುವುದೂ ಇಲ್ಲ. ಬಡವರು ತಾವೇ ಬರುತ್ತಾರೆ, ತಾವೇ ಆಯುತ್ತಾರೆ, ತಮ್ಮ ಬೆವರಿನ ಕಾಳನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋಗುತ್ತಾರೆ. ಯಾರ ಹೆಸರನ್ನೂ ಮೈಕಿನಲ್ಲಿ ಕೂಗುವುದಿಲ್ಲ. ಯಾರಿಗೆ ಸಿಗಬೇಕು ಅಂತ ಹೊಲದ ಯಜಮಾನ ಆರಿಸುವ ಹಾಗೂ ಇಲ್ಲ. ನಮ್ಮ ಸಭೆಯವರಿಗೆ ಮಾತ್ರ, ನಮ್ಮ ಓಣಿಯವರಿಗೆ ಮಾತ್ರ ಅನ್ನಲು ಬರುವುದಿಲ್ಲ.

ಪ್ರತಿದಿನ ವಿಶ್ವಾಸದಲ್ಲಿ ನಡೆಯುವುದು ಹೇಗೆ ಅಂತ ನಮ್ಮ ಯುವಕರು ಕೇಳುತ್ತಿರುತ್ತಾರೆ. ಬೆಳಗಿನ ಪ್ರಾರ್ಥನೆ, ವಾಕ್ಯ ಓದುವುದು, ಉಪವಾಸ ಅಂತ ನಾವು ಉತ್ತರ ಕೊಡುತ್ತೇವೆ. ಸರಿಯೇ. ಅವು ಇಲ್ಲದೆ ಆಗುವುದಿಲ್ಲ. ಆದರೆ ನಾನು ಅವರಿಗೆ ಯಾಜಕಕಾಂಡದ 19ನೇ ಅಧ್ಯಾಯವನ್ನು ಇಡಿಯಾಗಿ ಓದಿ ಅಂತ ಹೇಳುತ್ತೇನೆ. ಅದು ಪೂರ್ತಿ ಸೋಮವಾರದಿಂದ ಶನಿವಾರದ ತನಕದ ಅಧ್ಯಾಯ. ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಬೇಡ. ಕಿವುಡನನ್ನು ಬೈಯಬೇಡ. ಕುರುಡನ ದಾರಿಯಲ್ಲಿ ಎಡವುವಂಥದ್ದು ಇಡಬೇಡ. ಚಾಡಿ ಹೇಳುತ್ತಾ ತಿರುಗಬೇಡ. ನರೆತ ಕೂದಲಿನವರು ಬಂದರೆ ಎದ್ದು ನಿಲ್ಲು. ತಕ್ಕಡಿ, ತೂಕದ ಕಲ್ಲು ಸರಿಯಾಗಿರಲಿ. ಇವುಗಳ ನಡುವೆ, 18ನೇ ವಚನದಲ್ಲಿ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುವ ಮಾತು ಬರುತ್ತದೆ. ಯೇಸು ಸ್ವಾಮಿ ಎರಡನೆಯ ದೊಡ್ಡ ಆಜ್ಞೆ ಅಂತ ಹೇಳಿದ್ದು ಇಲ್ಲಿಂದಲೇ ತೆಗೆದು. ಪ್ರೀತಿಯ ಆ ಮಾತಿನ ಒಂದು ಬದಿಗೆ ಕೂಲಿಯ ಲೆಕ್ಕ ಇದೆ, ಇನ್ನೊಂದು ಬದಿಗೆ ತಕ್ಕಡಿ ಇದೆ. ಅದನ್ನು ಬಿಡಿಸಿ ತೆಗೆದು ಗೋಡೆಗೆ ತೂಗು ಹಾಕುವುದು ಸುಲಭ. ಅಲ್ಲೇ ಇಟ್ಟು ಓದಿದರೆ ಮೈ ನಡುಗುತ್ತದೆ.

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ಹಾಕಲು ಹೋದವರಿಗೆ ತಕ್ಕಡಿಯ ವಚನ ಬೇರೆ ವಿವರಿಸಬೇಕಾಗಿಲ್ಲ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಕಲಬುರಗಿ ಬೇಳೆ ಅಂದರೆ ರುಚಿಗೂ ಬೇಗ ಬೇಯುವುದಕ್ಕೂ ಹೆಸರು. ಅದು ಸಂತೋಷದ ಮಾತು. ಆ ಬೇಳೆ ಹುಟ್ಟಿದ ಹೊಲದಲ್ಲಿ ಕುಡಗೋಲು ಹಿಡಿದವರ ಕೂಲಿ ಹೊತ್ತಿಗೆ ಸರಿಯಾಗಿ ಸಿಕ್ಕಿತಾ? ದೇವರು ಮೊದಲು ಕೇಳುವುದು ಇದನ್ನೇ ಅನ್ನಿಸುತ್ತದೆ ನನಗೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಬರೆದಿದೆ. ಚರ್ಚಿನಲ್ಲಿ ನಾವು ಎಷ್ಟೇ ಜೋರಾಗಿ ಹಾಡಿದರೂ ಆ ಕೂಗು ಅದರ ಕೆಳಗೆ ಮುಚ್ಚಿಹೋಗುವುದಿಲ್ಲ.

ಹಕ್ಕಲಿನ ನಿಯಮ ಬರೀ ಕಾಗದದ ಮೇಲೆ ಉಳಿಯಲಿಲ್ಲ ಎನ್ನುವುದಕ್ಕೆ ರೂತಳ ಪುಸ್ತಕ ಸಾಕ್ಷಿ. ನೊವೊಮಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮೋವಾಬಿನಲ್ಲಿ ಮಣ್ಣುಮಾಡಿ ಬೇತ್ಲೆಹೇಮಿಗೆ ತಿರುಗಿ ಬಂದಳು. ಜೊತೆಗೆ ಸೊಸೆ ರೂತಳು. ಬರ ಬಿದ್ದಿದ್ದಕ್ಕೆ ಊರು ಬಿಟ್ಟು ಹೋದ ಮನೆ ಅದು. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಗುಳೆ ಹೋದವರು. ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಗಂಟು ಕಟ್ಟಿಕೊಂಡು ಹೋದವರಿಗೆ ಈ ಕಥೆಯ ಮೊದಲ ಅಧ್ಯಾಯ ಬೋಧನೆಯಿಲ್ಲದೆಯೇ ತಿಳಿಯುತ್ತದೆ. ತಿರುಗಿ ಬರುವಾಗ ಊರವರು ಏನಂದಾರು ಎನ್ನುವ ಸಂಕಟವೂ ತಿಳಿಯುತ್ತದೆ.

ಇಲ್ಲಿ ಒಂದು ಸಂಗತಿ ನಮ್ಮ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ. ನೊವೊಮಿಗೆ ಹೊಲ ಇತ್ತು. 4ನೇ ಅಧ್ಯಾಯದಲ್ಲಿ ಆ ಹೊಲದ ಮಾತು ಬರುತ್ತದೆ. ಹೊಲ ಇದ್ದ ಮನೆಯ ಸೊಸೆಯೇ ಬೇರೆಯವರ ಹೊಲದಲ್ಲಿ ಹಕ್ಕಲು ಆಯ್ದಳು. ಮೂಲೆ ಬಿಡುವವರು ಬೇರೆ, ಮೂಲೆಗೆ ಬರುವವರು ಬೇರೆ ಅಂತ ದೇವರು ಗೆರೆ ಎಳೆದಿಲ್ಲ. ಈ ವರ್ಷ ಬಿಡುವವನು ಮುಂದಿನ ವರ್ಷ ಆಯಲು ಬರಬಹುದು. ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗುವುದನ್ನು ನೋಡಿದ ನಮಗೆ ಇದು ದೂರದ ಮಾತಲ್ಲ.

ರೂತಳು ಆಯಲು ಹೋದ ಹೊಲದ ಯಜಮಾನ ಬೋವಜ ಏನು ಮಾಡಿದ ನೋಡಿ. ಹೊಲಕ್ಕೆ ಬಂದವನೇ ಕೊಯ್ಯುವವರಿಗೆ, ಯೆಹೋವನು ನಿಮ್ಮ ಸಂಗಡ ಇರಲಿ ಅಂದ. ಅದು ಬರೀ ಬಾಯಿಮಾತಾಗಿರಲಿಲ್ಲ. ಊಟದ ಹೊತ್ತಿಗೆ ರೂತಳನ್ನು ಕರೆದು ಕೂಲಿಯವರ ಪಕ್ಕದಲ್ಲಿ ಕೂಡಿಸಿ ಹುರಿದ ಕಾಳು ಕೊಟ್ಟ. ಅವಳು ತಿಂದು ಮಿಕ್ಕಿತು. ಯಾರೂ ಅವಳ ಮೈಮುಟ್ಟಬಾರದು ಅಂತ ಆಳುಗಳಿಗೆ ಮೊದಲೇ ಹೇಳಿದ್ದ. ಒಬ್ಬಂಟಿ ಹೆಂಗಸು ಹೊಲಕ್ಕೆ ಬಂದರೆ ಅವಳ ಕಷ್ಟ ಹಸಿವಿನದೊಂದೇ ಅಲ್ಲ ಅಂತ ಅವನಿಗೆ ಗೊತ್ತಿತ್ತು. ಆಮೇಲೆ ಸಿವುಡುಗಳಿಂದ ಬೇಕಂತಲೇ ತೆನೆ ಎಳೆದು ಬೀಳಿಸಿ, ಅವಳನ್ನು ಗದರಬೇಡಿ ಅಂದ. ಅವಳ ಕೈಗೆ ಕೊಟ್ಟುಬಿಡಬಹುದಿತ್ತು, ಅಲ್ವಾ? ಕೊಡಲಿಲ್ಲ. ಆಯ್ದುಕೊಳ್ಳಲು ಬಿಟ್ಟ. ಸಂಜೆ ಬಡಿದು ನೋಡಿದರೆ ಒಂದು ಏಫದಷ್ಟು (ಆ ಕಾಲದ ಧಾನ್ಯದ ಅಳತೆ) ಜವೆಗೋದಿ. ನೊವೊಮಿ ಅದನ್ನು ನೋಡಿ, ಎಲ್ಲಿ ಆಯ್ದೆ ಅಂತ ಕೇಳುತ್ತಾ, ಉತ್ತರ ಬರುವ ಮೊದಲೇ, ನಿನಗೆ ದಯೆ ತೋರಿಸಿದವನಿಗೆ ಆಶೀರ್ವಾದವಾಗಲಿ ಅಂದಳು. ಹೆಸರು ತಿಳಿಯದವನಿಗೆ ಸಿಕ್ಕ ಆಶೀರ್ವಾದ ಅದು. ಮುಂದೆ ಬೋವಜ ರೂತಳನ್ನು ಮದುವೆಯಾದ. ಮತ್ತಾಯನ ಮೊದಲ ಅಧ್ಯಾಯದಲ್ಲಿ ಯೇಸು ಸ್ವಾಮಿಯ ವಂಶಾವಳಿ ಓದುವಾಗ ಬೋವಜ, ರೂತ್ ಇಬ್ಬರ ಹೆಸರೂ ಬರುತ್ತವೆ. ರಕ್ಷಕನ ಮನೆತನ ಒಂದು ಹೊಲದ ಹಕ್ಕಲಿನ ಮೇಲೆ ಉಳಿಯಿತು.

ಈಗ ನಮ್ಮ ಹೊಲಗಳಿಗೆ ರಾಶಿ ಮಷಿನ್ ಬಂದಿದೆ. ನಮ್ಮ ಸಭೆಯ ಮುದುಕಿಯೊಬ್ಬರು ಹಬ್ಬದ ದಿನ ಮೆಟ್ಟಿಲ ಮೇಲೆ ಕೂತು ಹೇಳಿದರು: "ಮಷಿನ್ ಬಂದ ಮ್ಯಾಲ ಹಕ್ಕಲ ಎಲ್ಲಿ ಉಳಿತದವ್ವಾ? ಮೊದಲೆಲ್ಲ ಶೇಂಗಾ ಹೊಲದಾಗ ದಿನಾ ಎರಡು ಶೇರು ಆಯ್ತಿದ್ವಿ." ಮಷಿನ್ ಬೇಡ ಅಂತ ನಾನು ಹೇಳುವುದಿಲ್ಲ. ಮಷಿನ್ ತಾನಾಗಿ ಏನನ್ನೂ ಬಿಡುವುದಿಲ್ಲ, ಆದ್ದರಿಂದ ನಾವೇ ಬಿಡಬೇಕು. ಕಾಳು ಬಿಡಲು ಆಗದಿದ್ದರೆ ರಾಶಿ ಆದ ಮೇಲೆ ಒಂದು ಪಾಲು ತೆಗೆದಿಟ್ಟು, ಕೆಲಸ ಕಳೆದುಕೊಂಡ ಆ ಹೆಂಗಸರ ಮನೆಗೆ ಮುಟ್ಟಿಸಬಹುದು. ಅದೂ ಸುದ್ದಿಯಾಗದ ಹಾಗೆ.

ಹೊಲ ಇಲ್ಲದವರಿಗೂ ಮೂಲೆ ಇದೆ. ಹೊಲಿಗೆ ಮಷಿನ್ ಇಟ್ಟುಕೊಂಡ ಅಕ್ಕ ಪಕ್ಕದ ಮನೆ ಹುಡುಗಿಗೆ ಕೆಲಸ ಕಲಿಸುತ್ತಾಳೆ. ಆಟೋ ಓಡಿಸುವ ತಮ್ಮ ರಾತ್ರಿ ಹೊತ್ತು ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಜಾಸ್ತಿ ಕೇಳುವುದಿಲ್ಲ. ಹಾಸ್ಟೆಲಿನ ವಿದ್ಯಾರ್ಥಿ ತನ್ನ ನೋಟ್ಸ್ ಮುಚ್ಚಿಡುವುದಿಲ್ಲ. ದಿನದ ಹೊತ್ತನ್ನು ತುದಿಯ ತನಕ ನಮ್ಮ ಕೆಲಸಕ್ಕೇ ಕೊಯ್ದುಕೊಂಡರೆ, ಬಾಗಿಲಿಗೆ ಬಂದವರ ಜೊತೆ ಎರಡು ನಿಮಿಷ ಕೂತು ಮಾತಾಡಲೂ ಏನೂ ಉಳಿಯುವುದಿಲ್ಲ.

ಇದನ್ನು ಒಬ್ಬರೇ ಮಾಡಿಕೊಂಡು ಹೋಗುವುದು ಕಷ್ಟ. ಮೆಥೋಡಿಸ್ಟರಾದ ನಮ್ಮ ಹಿರಿಯರಿಗೆ ಅದು ಗೊತ್ತಿತ್ತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಮೆಥೋಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿಯವರ ಜನ ವಾರಕ್ಕೆ ಒಂದು ಪೆನ್ನಿ ಕೂಡಿಸಲು ಶುರುಮಾಡಿದರು. ಸುಮಾರು ಹನ್ನೆರಡು ಜನರಿಗೆ ಒಬ್ಬ ನಾಯಕ. ಅವನು ವಾರ ವಾರ ಮನೆ ಮನೆಗೆ ಹೋಗಬೇಕು. ಹೋದಾಗ ಪೆನ್ನಿಯ ಜೊತೆ ಮನೆಯ ಕಷ್ಟವೂ ಕಣ್ಣಿಗೆ ಬಿತ್ತು, ಯಾರ ವಿಶ್ವಾಸ ಕುಗ್ಗಿದೆ ಎನ್ನುವುದೂ ತಿಳಿಯಿತು. ಹಾಗೆ ಕ್ಲಾಸ್ ಮೀಟಿಂಗ್ ಹುಟ್ಟಿತು. ಮರುವರ್ಷ, 1743ರಲ್ಲಿ, ವೆಸ್ಲಿಯವರು ಕೊಟ್ಟ ನಿಯಮ ಮೂರೇ: ಕೇಡು ಮಾಡಬೇಡಿ, ಒಳ್ಳೆಯದು ಮಾಡಿ, ದೇವರ ಆರಾಧನೆ ಬಿಡಬೇಡಿ. ಒಳ್ಳೆಯದು ಎನ್ನುವುದರಲ್ಲಿ ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳನ್ನೂ ಜೈಲಿನಲ್ಲಿರುವವರನ್ನೂ ನೋಡಲು ಹೋಗುವುದು ಎಲ್ಲ ಬರುತ್ತದೆ. ನಮ್ಮ ಸಭೆಗಳಲ್ಲಿ ಮನೆ ಪ್ರಾರ್ಥನೆ ಇನ್ನೂ ಇದೆ. ಹಾಡು, ಪ್ರಸಂಗ, ಚಹಾ ಮುಗಿಸಿ ಎದ್ದು ಬರದೆ, ಆ ಮನೆಯವರ ಪಾಡು ಏನು ಅಂತ ಒಂದು ಮಾತು ಕೇಳೋಣ.

ನಮ್ಮ ನೆಲಕ್ಕೂ ಈ ಮಾತು ಹೊಸದಲ್ಲ. ಅರಳಗುಂಡಗಿಯ ಶರಣಬಸವೇಶ್ವರರು ಹೊಲದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಟ್ಟರು, ಕುಡಿಯಲು ನೀರನ್ನೂ ಇಟ್ಟರು ಅಂತ ಇಲ್ಲಿ ಮನೆಮನೆಯಲ್ಲೂ ಹೇಳುತ್ತಾರೆ. ಎಳ್ಳಮಾವಾಸ್ಯೆಗೆ ಪಕ್ಕದ ಹೊಲದವರು ನಮ್ಮನ್ನೂ ಊಟಕ್ಕೆ ಕರೆಯುತ್ತಾರೆ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಬಡಿಸುತ್ತಾರೆ. ನಾವೂ ಸುಗ್ಗಿ ಹಬ್ಬಕ್ಕೆ ಅವರನ್ನು ಕರೆಯಬೇಕು. ಅದೇ 26ನೇ ಅಧ್ಯಾಯದಲ್ಲಿ, ಪುಟ್ಟಿ ಇಟ್ಟ ಮೇಲೆ ನಿಮ್ಮ ನಡುವೆ ಇರುವ ಪರದೇಶಿಯ ಜೊತೆಗೂಡಿ ಸಂತೋಷಪಡಿ ಅಂತ ಬರೆದಿದೆಯಲ್ಲ.

ಬೆಳೆ ಕೈಕೊಟ್ಟ ವರ್ಷವೂ ಹಬ್ಬ ಇದೆ. ಪ್ರವಾದಿ ಹಬಕ್ಕೂಕನು ತನ್ನ ಪುಸ್ತಕದ ಕೊನೆಯಲ್ಲಿ, ಅಂಜೂರ ಚಿಗುರದಿದ್ದರೂ, ಹೊಲ ಅನ್ನ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಸಂತೋಷಪಡುತ್ತೇನೆ ಅಂದ. ಆ ವಚನವನ್ನು ಸಾಲದಲ್ಲಿ ಮುಳುಗಿದ ರೈತನ ಎದುರು ಓದಿ ಎದ್ದು ಹೋಗಬಾರದು. ಅದನ್ನು ಅವನೇ ಹೇಳುವಂತಾಗಲು ನಾವು ಪಕ್ಕದಲ್ಲಿ ಕೂಡಬೇಕು, ಬೀಜಕ್ಕೆ ಸಹಾಯ ಮಾಡಬೇಕು, ಮಕ್ಕಳ ಫೀಸಿನ ದಾರಿ ನೋಡಬೇಕು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂತ ನಾವು ಬೇಡುವಾಗ ಅವನ ಮನೆಯ ಆಹಾರವೂ ಆ ಬೇಡಿಕೆಯೊಳಗೆ ಇದೆ.

ಹಬ್ಬಕ್ಕೆ ಇನ್ನು ಕೆಲವೇ ವಾರ. ಈ ವಾರ ಮನೆಯವರೆಲ್ಲ ಕೂತು ರೂತಳ 2ನೇ ಅಧ್ಯಾಯ ಓದಿ. ಇಪ್ಪತ್ಮೂರೇ ವಚನ, ಮಕ್ಕಳೇ ಓದಲಿ. ಓದಿ ಮುಗಿದ ಮೇಲೆ, ಕಣ್ಣು ಮುಚ್ಚುವ ಮೊದಲು, ಕಳೆ ತೆಗೆದವರಿಂದ ಹಿಡಿದು ರಾಶಿಗೆ ಬಂದವರ ತನಕ ಯಾರಿಗಾದರೂ ಕೊಡುವುದು ಬಾಕಿ ಇದೆಯಾ ಅಂತ ಲೆಕ್ಕ ತೆಗೆಯಿರಿ. ಇದ್ದರೆ ಕಾಣಿಕೆ ಚೀಲಕ್ಕೆ ಕೈ ಹಾಕುವ ಮುಂಚೆ ಅದನ್ನು ಅವರ ಮನೆಗೆ ಕೊಟ್ಟು ಬನ್ನಿ.